1460ರಲ್ಲಿ ಯಾರ್ಕ್ ಡ್ಯೂಕ್ ಕೇಳಿದ್ದು ನ್ಯಾಯವೋ, ಅತಿಯಾಸೆಯೋ?

ಕೋಟೆಬಾಗಿಲು

ಸಿಂಹಾಸನಕ್ಕಾಗಿ ಲ್ಯಾಂಕಾಸ್ಟರ್ (ಕೆಂಪು ಗುಲಾಬಿ) ಮತ್ತು ಯಾರ್ಕ್ (ಬಿಳಿ ಗುಲಾಬಿ) ಮನೆತನಗಳು ಹೊಡೆದಾಡಿದ ಇಂಗ್ಲೆಂಡಿನ ಗುಲಾಬಿ ಯುದ್ಧಗಳ ಬಗ್ಗೆ ಓದುವಾಗಲೆಲ್ಲ ಒಂದೇ ಜಾಗದಲ್ಲಿ ಸಿಕ್ಕಿಹಾಕಿಕೊಳ್ಳುತ್ತೇನೆ. ತಿಳಿದವರು ಬಿಡಿಸಿ ಹೇಳಿ.

ಮೂರನೆಯ ಎಡ್ವರ್ಡನಿಗೆ ಪ್ರಾಯಕ್ಕೆ ಬಂದ ಗಂಡುಮಕ್ಕಳು ಐವರು. ಹಿರಿಯವನು, 'ಕಪ್ಪು ರಾಜಕುಮಾರ' ಎನಿಸಿಕೊಂಡ ಎಡ್ವರ್ಡ್, ತಂದೆಗಿಂತ ಮೊದಲೇ 1376ರಲ್ಲಿ ತೀರಿಕೊಂಡ. ಹಾಗಾಗಿ ಮುಂದಿನ ವರ್ಷ ಅವನ ಮಗ ಎರಡನೆಯ ರಿಚರ್ಡ್ ಹತ್ತನೆಯ ವಯಸ್ಸಿಗೇ ಪಟ್ಟಕ್ಕೆ ಬಂದ. ಅವನಿಗೆ ಮಕ್ಕಳಾಗಲಿಲ್ಲ. ಎರಡನೆಯವನು ಲಯನಲ್, ಇವನಿಗೆ ಇದ್ದವಳು ಒಬ್ಬಳೇ ಮಗಳು ಫಿಲಿಪ್ಪಾ, ಅವಳು ಮಾರ್ಟಿಮರ್ ಮನೆತನಕ್ಕೆ ಸೊಸೆಯಾಗಿ ಹೋದಳು. ಮೂರನೆಯವನು ಗಾಂಟಿನ ಜಾನ್, ಲ್ಯಾಂಕಾಸ್ಟರಿನ ಡ್ಯೂಕ್. ನಾಲ್ಕನೆಯವನು ಲ್ಯಾಂಗ್ಲಿಯ ಎಡ್ಮಂಡ್, ಯಾರ್ಕಿನ ಡ್ಯೂಕ್. ಕೊನೆಯವನು ಥಾಮಸ್, ಅವನು ಈ ಕಥೆಗೆ ಬೇಕಾಗಿಲ್ಲ.

1399ರಲ್ಲಿ ಜಾನನ ಮಗ ಹೆನ್ರಿ ತನ್ನ ದೊಡ್ಡಪ್ಪನ ಮಗನನ್ನೇ ಕೆಳಗಿಳಿಸಿ ನಾಲ್ಕನೆಯ ಹೆನ್ರಿಯಾದ. ಅವನು, ಅವನ ಮಗ ಐದನೆಯ ಹೆನ್ರಿ, ಮೊಮ್ಮಗ ಆರನೆಯ ಹೆನ್ರಿ ಸೇರಿ 61 ವರ್ಷ ಆಳಿದ ಮೇಲೆ, 1460ರ ಅಕ್ಟೋಬರಿನಲ್ಲಿ ಯಾರ್ಕಿನ ರಿಚರ್ಡ್ ವೆಸ್ಟ್‌ಮಿನ್‌ಸ್ಟರಿಗೆ ಬಂದು ಸಿಂಹಾಸನ ತನ್ನದೆಂದ. ಅವನ ತಾಯಿ ಆನ್ ಮಾರ್ಟಿಮರ್ ಲಯನಲನ ಮರಿಮಗಳು. ಎರಡನೆಯ ಮಗನ ಸಂತತಿ ಇರುವಾಗ ಮೂರನೆಯ ಮಗನ ಸಂತತಿಗೆ ಹಕ್ಕು ಎಲ್ಲಿಂದ ಬಂತು ಎಂಬುದು ಅವನ ವಾದ.

ನನ್ನ ಪ್ರಶ್ನೆ ಇಷ್ಟೇ. ಮೂರು ತಲೆಮಾರು ಸುಮ್ಮನಿದ್ದು ಆಮೇಲೆ ಎದ್ದು ಕೇಳಿದರೆ ಅದಕ್ಕೆ ಬೆಲೆ ಇದೆಯೇ?

ನಿವೃತ್ತ ಮೇಷ್ಟರು

ಸುಮ್ಮನಿದ್ದರು ಎನ್ನುವುದು ಅರ್ಧಸತ್ಯ. 1399ರಲ್ಲಿ ಲಯನಲನ ವಂಶದ ವಾರಸುದಾರನಾಗಿದ್ದವನು ಎಡ್ಮಂಡ್ ಮಾರ್ಟಿಮರ್ ಎಂಬ ಏಳು ವರ್ಷದ ಹುಡುಗ. ಅವನ ತಂದೆ ರಾಜರ್ ಹಿಂದಿನ ವರ್ಷವಷ್ಟೇ ಐರ್ಲೆಂಡಿನಲ್ಲಿ ಸತ್ತಿದ್ದ. ಏಳು ವರ್ಷದವನು ಯಾರ ಮುಂದೆ ಹಕ್ಕು ಸಾಧಿಸಬೇಕಿತ್ತು? ಹೊಸ ರಾಜ ಅವನನ್ನೂ ಅವನ ತಮ್ಮನನ್ನೂ ಕಾವಲಿನಲ್ಲಿಟ್ಟ. 1405ರ ಫೆಬ್ರವರಿಯಲ್ಲಿ ಡಿಸ್ಪೆನ್ಸರ್ ಮನೆತನದ ವಿಧವೆ ಕಾನ್‌ಸ್ಟನ್ಸ್ ಈ ಇಬ್ಬರು ಹುಡುಗರನ್ನು ವಿಂಡ್ಸರ್ ಕೋಟೆಯಿಂದ ಹಾರಿಸಿಕೊಂಡು ಹೋಗಲು ನೋಡಿದಳು. ಕಳ್ಳ ಬೀಗದಕೈ ಮಾಡಿಸಿದ್ದಳು. ವೇಲ್ಸ್ ಮುಟ್ಟುವ ಮೊದಲೇ ಎಲ್ಲರೂ ಸಿಕ್ಕಿಬಿದ್ದರು. ಬೀಗದಕೈ ಮಾಡಿಕೊಟ್ಟ ಕಮ್ಮಾರನ ತಲೆ ಹೋಯಿತೆಂದು ಆ ಕಾಲದ ವೃತ್ತಾಂತಕಾರರು ಬರೆಯುತ್ತಾರೆ. ಕಾನ್‌ಸ್ಟನ್ಸ್ ಡ್ಯೂಕನ ಮಗಳು, ಅವಳ ತಲೆ ಉಳಿಯಿತು.

ಚಾವಡಿ ಚಂದ್ರ

ಯಾವ ಕಾಲವಾದರೂ ಕಮ್ಮಾರನದೇ ತಲೆ.

ಕೆಂಪುಗುಲಾಬಿ

ಮೇಷ್ಟರೇ, ಅದೇ ಎಡ್ಮಂಡ್ ಮಾರ್ಟಿಮರ್ ಬೆಳೆದು ದೊಡ್ಡವನಾದ ಮೇಲೆ ಏನು ಮಾಡಿದ ಎಂಬುದನ್ನೂ ಹೇಳಿ. 1415ರಲ್ಲಿ ಐದನೆಯ ಹೆನ್ರಿ ಫ್ರಾನ್ಸಿಗೆ ಹೊರಟು ಸೌತಾಂಪ್ಟನ್ನಿನಲ್ಲಿದ್ದಾಗ, ಅವನನ್ನು ಮುಗಿಸಿ ಮಾರ್ಟಿಮರನನ್ನು ರಾಜನನ್ನಾಗಿ ಮಾಡುವ ಸಂಚು ನಡೆಯಿತು. ಸಂಚುಗಾರರಲ್ಲಿ ಮುಖ್ಯನಾದವನು ಕೇಂಬ್ರಿಜ್ ಅರ್ಲ್ ರಿಚರ್ಡ್, ಆನ್ ಮಾರ್ಟಿಮರಳ ಗಂಡ. ಅದನ್ನು ರಾಜನ ಕಿವಿಗೆ ಹಾಕಿದವನು ಯಾರು? ಯಾರಿಗಾಗಿ ಸಂಚು ನಡೆದಿತ್ತೋ ಅದೇ ಮಾರ್ಟಿಮರ್! ಸ್ವಂತ ಭಾವನ ತಲೆ ಹಾರಿಸಿದ. ಹಕ್ಕುಳ್ಳವನೇ ಬೇಡವೆಂದು ಕೈತೊಳೆದುಕೊಂಡ ಮೇಲೆ ಅವನ ಅಕ್ಕನ ಮಗ ಬಂದು ಕೇಳುವುದೇನು?

ವಕೀಲ, ಧಾರವಾಡ

ಸಂಚನ್ನು ಬಯಲು ಮಾಡುವುದು ಬೇರೆ, ಹಕ್ಕನ್ನು ಬಿಟ್ಟುಕೊಡುವುದು ಬೇರೆ. ಮಾರ್ಟಿಮರ್ ಹಕ್ಕುಬಿಡುಗಡೆಯ ಪತ್ರವನ್ನೇನೂ ಬರೆದುಕೊಟ್ಟಿರಲಿಲ್ಲ. 1425ರಲ್ಲಿ ಮಕ್ಕಳಿಲ್ಲದೆ ಐರ್ಲೆಂಡಿನಲ್ಲಿ ಪ್ಲೇಗಿಗೆ ತುತ್ತಾದ. ಅವನ ಜಮೀನು, ಪದವಿ, ಎಲ್ಲವೂ ಅಕ್ಕ ಆನಳ ಮಗ ರಿಚರ್ಡನಿಗೆ ಬಂದವು. ಆ ಆಸ್ತಿಯನ್ನು ರಿಚರ್ಡನಿಗೆ ಒಪ್ಪಿಸಿದವರು ಲ್ಯಾಂಕಾಸ್ಟರ್ ಸರಕಾರದವರೇ. ತಾಯಿಯ ಮೂಲಕ ಅರ್ಲ್ ಪದವಿ ಇಳಿದು ಬರಬಹುದು, ಕಿರೀಟ ಮಾತ್ರ ಬರಬಾರದು ಎಂದರೆ ಅದಕ್ಕೆ ಕಾರಣ ತೋರಿಸಬೇಕು.

ಇನ್ನು ಕೋಟೆಬಾಗಿಲಿನವರ ಪ್ರಶ್ನೆಗೆ. ಇದೇ ಆಕ್ಷೇಪಣೆಯನ್ನು 1460ರಲ್ಲಿ ಪ್ರಭುಗಳೇ ಎತ್ತಿದ್ದರು. ಅಂದಿನ ಸಂಸತ್ತಿನ ಕಡತದಲ್ಲಿ ಸವಾಲು ಜವಾಬು ಎರಡೂ ಉಳಿದುಕೊಂಡಿವೆ. ಇವತ್ತು ಓದಿದರೂ ದಾವೆ ಮತ್ತು ಪ್ರತಿವಾದ ಓದಿದಂತೆಯೇ ಇದೆ. ಸಂಜೆ ಬಿಡುವಾದಾಗ ಬರೆಯುತ್ತೇನೆ.

ಬಿಳಿಗುಲಾಬಿ

ಅಲ್ಲಿಯವರೆಗೆ ನಾನು ಒಂದು ಮಾತು ಸೇರಿಸುತ್ತೇನೆ. ಹೆಣ್ಣಿನ ಮೂಲಕ ಹಕ್ಕು ಬರುವುದಿಲ್ಲ ಎನ್ನುವವರು ಮೂರನೆಯ ಎಡ್ವರ್ಡನನ್ನೇ ನೋಡಲಿ. ಫ್ರಾನ್ಸಿನ ಸಿಂಹಾಸನ ತನ್ನದೆಂದು ಅವನು ಯುದ್ಧ ಹೂಡಿದ್ದು ಯಾವ ಆಧಾರದ ಮೇಲೆ? ತಾಯಿ ಇಸಬೆಲ್ಲಾ ಫ್ರಾನ್ಸಿನ ರಾಜನ ಮಗಳು ಎಂಬ ಆಧಾರದ ಮೇಲೆ. ಐದನೆಯ ಹೆನ್ರಿ ಅಜಿನ್‌ಕೂರಿನಲ್ಲಿ ಹೊಡೆದಾಡಿದ್ದೂ ಅದೇ ಹಕ್ಕಿಗಾಗಿ. ಅಂದರೆ ಲ್ಯಾಂಕಾಸ್ಟರಿನವರು ಫ್ರಾನ್ಸಿನಲ್ಲಿ ಹೆಣ್ಣಿನ ಹಕ್ಕು ನಡೆಯಬೇಕು ಎನ್ನುತ್ತಾರೆ, ಇಂಗ್ಲೆಂಡಿನಲ್ಲಿ ಮಾತ್ರ ನಡೆಯಬಾರದು ಎನ್ನುತ್ತಾರೆ. ಕಡಲು ದಾಟಿದ ಕೂಡಲೇ ಧರ್ಮಶಾಸ್ತ್ರ ಬದಲಾಗುತ್ತದೆಯೇ?

ಕೆಂಪುಗುಲಾಬಿ

ಮೂರನೆಯ ಎಡ್ವರ್ಡ್ ಸಾಯುವ ಮೊದಲು, ಹಿರಿಯ ಮಗನನ್ನು ಕಳೆದುಕೊಂಡ ಮೇಲೆ, ಕಿರೀಟ ಗಂಡು ಸಂತತಿಗೇ ಹೋಗಬೇಕು ಎಂದು ಶಾಸನ ಬರೆಸಿದ್ದನ್ನು ಮರೆತಿರೋ ಹೇಗೆ? ಅದರ ಪ್ರಕಾರ ಮೊಮ್ಮಗ ರಿಚರ್ಡನ ನಂತರದ ಸರದಿ ಜಾನನದು, ಆಮೇಲೆ ಜಾನನ ಗಂಡುಮಕ್ಕಳದು. ಫಿಲಿಪ್ಪಾಳ ಮಕ್ಕಳಿಗೆ ಅದರಲ್ಲಿ ಜಾಗವೇ ಇಲ್ಲ. ರಾಜನ ಇಚ್ಛೆ ಅದು.

ಬಿಳಿಗುಲಾಬಿ

ಆ ಪತ್ರವನ್ನು ಆಗ ಬಹಿರಂಗವಾಗಿ ಸಾರಿದವರು ಯಾರು? ಅದರ ಒಂದು ಸುಟ್ಟುಹೋದ ಪ್ರತಿ ಸಿಕ್ಕಿ ಇತಿಹಾಸಕಾರರು ಅದನ್ನು ಅಚ್ಚು ಮಾಡಿಸಿದ್ದೇ 1998ರಲ್ಲಿ. 1399ರಲ್ಲಿ ನಾಲ್ಕನೆಯ ಹೆನ್ರಿ ಎದ್ದು ನಿಂತು ಹಕ್ಕು ಸಾಧಿಸಿದನಲ್ಲ, ಆಗ ಅಜ್ಜನ ಪತ್ರದ ಮಾತೇ ಎತ್ತಲಿಲ್ಲ. ಅವನು ಹೇಳಿದ್ದು, ತಾನು ಮೂರನೆಯ ಹೆನ್ರಿಯ ನೇರ ರಕ್ತಸಂಬಂಧಿ ಎಂದು!

ಕೋಟೆಬಾಗಿಲು

ಮೂರನೆಯ ಹೆನ್ರಿಯೇ? ಅವನು ಸತ್ತು ಶತಮಾನ ಕಳೆದಿತ್ತಲ್ಲ. ಅಷ್ಟು ಹಿಂದಕ್ಕೆ ಹೋಗುವ ಅಗತ್ಯವೇನಿತ್ತು?

ನಿವೃತ್ತ ಮೇಷ್ಟರು

ಅದರ ಹಿಂದೆ ಒಂದು ಕಟ್ಟುಕಥೆ ಇದೆ. ಮೂರನೆಯ ಹೆನ್ರಿಗೆ ಬೆಳೆದು ದೊಡ್ಡವರಾದ ಇಬ್ಬರು ಗಂಡುಮಕ್ಕಳು, ಎಡ್ವರ್ಡ್ ಮತ್ತು ಎಡ್ಮಂಡ್. ಎಡ್ವರ್ಡ್ ರಾಜನಾದ. ಎಡ್ಮಂಡ್ ಲ್ಯಾಂಕಾಸ್ಟರ್ ಮನೆತನದ ಮೂಲಪುರುಷ. ನಾಲ್ಕನೆಯ ಹೆನ್ರಿಯ ತಾಯಿ ಬ್ಲಾಂಚ್ ಆ ವಂಶದವಳು. ನಿಜವಾಗಿ ಹಿರಿಯವನು ಎಡ್ಮಂಡನೇ, ಅವನ ಬೆನ್ನು ಗೂನಾಗಿದ್ದುದರಿಂದ ಅವನನ್ನು ಬದಿಗೆ ಸರಿಸಿದರು ಎಂಬ ಪುಕಾರು ಹಬ್ಬಿಸಲಾಯಿತು. ಇದು ನಿಂತಿದ್ದರೆ ಒಂದನೆಯ ಎಡ್ವರ್ಡನಿಂದ ಹಿಡಿದು ಎಲ್ಲ ರಾಜರೂ ನಕಲಿಗಳಾಗುತ್ತಿದ್ದರು! ಆದರೆ ಎಡ್ವರ್ಡ್ ಹುಟ್ಟಿದ್ದು 1239ರಲ್ಲಿ, ಎಡ್ಮಂಡ್ 1245ರಲ್ಲಿ. ಹೆನ್ರಿ ನೇಮಿಸಿದ ಸಮಿತಿಯವರು ಮಠಗಳ ವೃತ್ತಾಂತಗಳನ್ನೆಲ್ಲ ತಿರುವಿ ಹಾಕಿ, ಇದು ನಡೆಯುವ ಮಾತಲ್ಲ ಎಂದರು. ಆದ್ದರಿಂದಲೇ ಅವನ ಭಾಷಣದಲ್ಲಿ ಗೂನುಬೆನ್ನಿನ ಪ್ರಸ್ತಾಪವಿಲ್ಲ. ಮೂರನೆಯ ಹೆನ್ರಿಯ ಹೆಸರು ಮಾತ್ರ ಉಳಿದುಕೊಂಡಿತು.

ಗಮನಿಸಿ, ಆ ಹಕ್ಕು ಕೂಡ ತಾಯಿಯ ಕಡೆಯಿಂದ ಬಂದದ್ದೇ.

ಬಿಳಿಗುಲಾಬಿ

ಕೆಂಪುಗುಲಾಬಿಯವರೇ, ಮೇಷ್ಟರ ಕೊನೆಯ ಸಾಲನ್ನು ಇನ್ನೊಮ್ಮೆ ಓದಿ.

ಕೆಂಪುಗುಲಾಬಿ

ಓದಿದೆ. ಹೆನ್ರಿ ಗೆದ್ದವನು. ಗೆದ್ದವನು ಬಾಯಿಗೆ ಬಂದ ಕಾರಣ ಹೇಳುತ್ತಾನೆ. ಅವನು ಸರಿಯಾದ ಕಾರಣ ಹೇಳಲಿಲ್ಲ ಎಂದ ಮಾತ್ರಕ್ಕೆ ಸರಿಯಾದ ಕಾರಣ ಇರಲೇ ಇಲ್ಲ ಎಂದಾಗುವುದಿಲ್ಲ. ಅದೂ ಅಲ್ಲದೆ 1406ರಲ್ಲಿ ಸಂಸತ್ತೇ ಕಿರೀಟವನ್ನು ಅವನ ಸಂತತಿಗೆ ಬರೆದುಕೊಟ್ಟಿತು.

ವಕೀಲ, ಧಾರವಾಡ

ಅದೇ ವರ್ಷ ಎರಡು ಸಲ ಬರೆದುಕೊಟ್ಟಿತು. ಜೂನ್ ತಿಂಗಳಲ್ಲಿ ಗಂಡು ಸಂತತಿಗೆ ಮಾತ್ರ ಎಂದರು, ಡಿಸೆಂಬರಿನಲ್ಲಿ ಅದನ್ನು ರದ್ದುಮಾಡಿ ಮಕ್ಕಳ ಹೆಣ್ಣು ಸಂತತಿಗೂ ಬಾಗಿಲು ತೆರೆದರು. ಹೀಗಾಗಿ ಲ್ಯಾಂಕಾಸ್ಟರಿನವರ ಸ್ವಂತ ಶಾಸನವೇ ಗಂಡುಹಕ್ಕಿನ ವಾದವನ್ನು ಕೈಬಿಟ್ಟಿದೆ.

ಈಗ 1460ಕ್ಕೆ ಬರುತ್ತೇನೆ. ಡ್ಯೂಕ್ ಸಭಾಂಗಣಕ್ಕೆ ಬಂದವನೇ ನೇರವಾಗಿ ಖಾಲಿ ಸಿಂಹಾಸನದ ಬಳಿ ಹೋಗಿ ಅದರ ಮೆತ್ತೆಯ ಮೇಲೆ ಕೈಯಿಟ್ಟು ನಿಂತ. ಪ್ರಭುಗಳು ಜಯಕಾರ ಹಾಕುತ್ತಾರೆಂದು ನಿರೀಕ್ಷಿಸಿದ್ದ. ಯಾರೂ ಹಾಕಲಿಲ್ಲ. ಕ್ಯಾಂಟರ್ಬರಿಯ ಆರ್ಚ್‌ಬಿಷಪ್ ಬೋರ್ಷಿಯರ್ ಹತ್ತಿರ ಬಂದು, ಮಹಾರಾಜರನ್ನು ಕಾಣಲು ಬಂದಿರಾ ಎಂದು ಕೇಳಿದ. ಈ ರಾಜ್ಯದಲ್ಲಿ ತಾವಾಗಿಯೇ ಬಂದು ನನ್ನನ್ನು ಕಾಣಬೇಕಾದವರೇ ಇದ್ದಾರೆ ಹೊರತು ನಾನು ಹೋಗಿ ಕಾಣಬೇಕಾದವರು ಯಾರೂ ಇಲ್ಲ ಎಂಬ ಅರ್ಥದ ಉತ್ತರ ಕೊಟ್ಟ.

ಆಮೇಲೆ ಲಿಖಿತ ದಾವೆ. ಪ್ರಭುಗಳು ನ್ಯಾಯಾಧೀಶರ ಅಭಿಪ್ರಾಯ ಕೇಳಿದರು. ಇದು ಕಾನೂನಿಗೂ ನಮ್ಮ ವಿದ್ಯೆಗೂ ಮೀರಿದ ವಿಷಯ, ರಾಜರಕ್ತದ ಪ್ರಭುಗಳೇ ನೋಡಿಕೊಳ್ಳಲಿ ಎಂದು ನ್ಯಾಯಾಧೀಶರು ಜಾರಿಕೊಂಡರು. ರಾಜನ ವಕೀಲರನ್ನು ಕೇಳಿದರೆ, ನ್ಯಾಯಾಧೀಶರಿಗೇ ಮೀರಿದ್ದು ನಮಗೆ ಮೀರದಿರುತ್ತದೆಯೇ ಎಂದರು! ನನ್ನ ವೃತ್ತಿಬಾಂಧವರ ಜಾಣತನಕ್ಕೆ ಕೈಮುಗಿಯುತ್ತೇನೆ.

ಕೊನೆಗೆ ಪ್ರಭುಗಳೇ ಆಕ್ಷೇಪಣೆಗಳನ್ನು ಬರೆದರು. ಆರನೆಯ ಹೆನ್ರಿಗೆ ನಾವೆಲ್ಲ ಆಣೆ ಮಾಡಿದ್ದೇವೆ, ನೀವೂ ಮಾಡಿದ್ದೀರಿ. ಶಾಸನಗಳಿವೆ. ಮೇಲಾಗಿ, ನೀವು ಲಯನಲನ ವಂಶದ ಹಕ್ಕು ಕೇಳುತ್ತಿದ್ದೀರಿ, ಆದರೆ ನಿಮ್ಮ ಗುರಾಣಿಯ ಮೇಲಿರುವುದು ಲ್ಯಾಂಗ್ಲಿಯ ಎಡ್ಮಂಡನ ಲಾಂಛನ. ಲಯನಲನ ಲಾಂಛನವನ್ನು ಏಕೆ ಧರಿಸಲಿಲ್ಲ?

ಡ್ಯೂಕನ ಉತ್ತರ: ಸತ್ಯಕ್ಕೆ ವಿರುದ್ಧವಾದ ಆಣೆಗೆ ಬಲವಿಲ್ಲ. ನಾಲ್ಕನೆಯ ಹೆನ್ರಿಗೆ ಹುಟ್ಟಿನಿಂದಲೇ ಹಕ್ಕಿದ್ದಿದ್ದರೆ 1406ರ ಶಾಸನ ಬರೆಸಿಕೊಳ್ಳುವ ಅಗತ್ಯವೇ ಬೀಳುತ್ತಿರಲಿಲ್ಲ. ಲಾಂಛನ ಧರಿಸಬಹುದಿತ್ತು, ಧರಿಸದಿದ್ದುದಕ್ಕೆ ಕಾರಣ ಎಲ್ಲರಿಗೂ ಗೊತ್ತಿರುವಂಥದ್ದೇ. ಹಕ್ಕು ಕೆಲಕಾಲ ಮೌನವಾಗಿರಬಹುದು, ಆದರೆ ಅದು ಕೊಳೆಯುವುದಿಲ್ಲ.

ಈ ಕೊನೆಯ ಮಾತೇ ನಿಮ್ಮ ಪ್ರಶ್ನೆಗೆ ಅವನ ಉತ್ತರ.

ಕೋಟೆಬಾಗಿಲು

ಮೆತ್ತೆಯ ಮೇಲೆ ಕೈಯಿಟ್ಟ ಸಂಗತಿ ಗೊತ್ತಿರಲಿಲ್ಲ. ಸಭೆ ಏನು ತೀರ್ಮಾನಿಸಿತು?

ನಿವೃತ್ತ ಮೇಷ್ಟರು

ರಾಜಿ. ಆರನೆಯ ಹೆನ್ರಿ ಬದುಕಿರುವವರೆಗೆ ಅವನೇ ರಾಜ, ಅವನ ನಂತರ ಯಾರ್ಕ್ ಮತ್ತು ಯಾರ್ಕಿನ ಮಕ್ಕಳು. ಹೆನ್ರಿಯ ಏಳು ವರ್ಷದ ಮಗನಿಗೆ ಪಟ್ಟ ತಪ್ಪಿತು. ಆ ಹುಡುಗನ ತಾಯಿ ಮಾರ್ಗರೆಟ್ ಸುಮ್ಮನಿರುವ ಹೆಂಗಸಲ್ಲ. ಅವಳ ಪಕ್ಷದ ಸೇನೆ ಡಿಸೆಂಬರ್ 30ರಂದು ವೇಕ್‌ಫೀಲ್ಡಿನಲ್ಲಿ ಡ್ಯೂಕನನ್ನು ಕೊಂದಿತು. ಅವನ ತಲೆಗೆ ಕಾಗದದ ಕಿರೀಟ ತೊಡಿಸಿ ಯಾರ್ಕ್ ನಗರದ ಮಿಕಲ್‌ಗೇಟ್ ಹೆಬ್ಬಾಗಿಲಿನ ಮೇಲೆ ನೆಟ್ಟರು. ಮೂರು ತಿಂಗಳಲ್ಲಿ ಅವನ ಮಗ ನಾಲ್ಕನೆಯ ಎಡ್ವರ್ಡನಾಗಿ ಟೌಟನ್ ಕದನ ಗೆದ್ದು ಲೆಕ್ಕ ತೀರಿಸಿಕೊಂಡ.

ಕಡಲ ಮಗಳು

ಮಂಗಳೂರಿನಿಂದ ಬರೆಯುತ್ತಿದ್ದೇನೆ. ನಮ್ಮ ಅಳಿಯಸಂತಾನದ ಕಟ್ಟಿನಲ್ಲಿ ಬೆಳೆದವರಿಗೆ ಈ ಜಗಳವೇ ವಿಚಿತ್ರವಾಗಿ ಕಾಣುತ್ತದೆ. ತಾಯಿ ಯಾರೆಂಬುದಕ್ಕೆ ಸಾಕ್ಷಿ ಇರುತ್ತದೆ, ತಂದೆ ಯಾರೆಂಬುದಕ್ಕೆ ನಂಬಿಕೆಯೇ ಆಧಾರ. ಯಾರ್ಕ್ ಡ್ಯೂಕನ ಕಿರಿಯ ಮಗ, ರಾಜ ಮೂರನೆಯ ರಿಚರ್ಡನ ಎಲುಬುಗಳನ್ನು ಪರೀಕ್ಷಿಸಿದಾಗಲೂ ತಾಯಿಯ ಕಡೆಯ ಸಂಬಂಧ ಸರಿಹೊಂದಿತು, ತಂದೆಯ ಕಡೆಯದು ಹೊಂದಲಿಲ್ಲ ಎಂದು ಓದಿದ ನೆನಪು. ಅದನ್ನು ಯಾರಾದರೂ ವಿವರಿಸುತ್ತೀರಾ?

ಲೆಸ್ಟರಿನಿಂದ

ನಾನಿರುವ ಊರೇ ಇದು, ನಾನು ವಿವರಿಸುತ್ತೇನೆ.

2012ರಲ್ಲಿ ಇಲ್ಲಿ ಸರಕಾರಿ ಕಚೇರಿಯೊಂದರ ವಾಹನ ನಿಲುಗಡೆಯ ಜಾಗವನ್ನು ಅಗೆದರು. ಹಿಂದೆ ಅಲ್ಲಿ ಗ್ರೇಫ್ರಯರ್ಸ್ ಎಂಬ ಸನ್ಯಾಸಿಗಳ ಮಠವಿತ್ತು. ಸಿಕ್ಕ ಅಸ್ಥಿಪಂಜರದ ಬೆನ್ನುಮೂಳೆ ಪಕ್ಕಕ್ಕೆ ಬಾಗಿತ್ತು, ತಲೆಬುರುಡೆಯಲ್ಲಿ ಆಯುಧಗಳ ಗಾಯಗಳಿದ್ದವು, ಪಾದಗಳು ಇರಲಿಲ್ಲ. ಗುಂಡಿ ಎಷ್ಟು ಗಿಡ್ಡವೆಂದರೆ ತಲೆಯನ್ನು ಗೋಡೆಗೆ ಒರಗಿಸಿ ಮಡಚಿಟ್ಟಿದ್ದರು. ಈಗ ಅಲ್ಲಿ ಪ್ರದರ್ಶನಾಲಯವಿದೆ. ಗಾಜಿನ ನೆಲದ ಮೇಲೆ ನಿಂತು ಕೆಳಗೆ ನೋಡಿದರೆ ಆ ಗುಂಡಿ ಕಾಣುತ್ತದೆ. ಊರಿನಿಂದ ನೆಂಟರು ಬಂದಾಗಲೆಲ್ಲ ಕರೆದುಕೊಂಡು ಹೋಗುತ್ತೇನೆ. ಒಬ್ಬ ರಾಜನಿಗೆ ಇಷ್ಟೇ ಜಾಗವೇ ಎಂದು ಎಲ್ಲರೂ ಕೇಳುತ್ತಾರೆ.

ತಾಯಿಯಿಂದ ಮಾತ್ರ ಇಳಿದುಬರುವ ಮೈಟೊಕಾಂಡ್ರಿಯದ ಡಿಎನ್‌ಎ ರಿಚರ್ಡನ ಅಕ್ಕ ಆನಳ ಹೆಣ್ಣು ಸಂತತಿಯಲ್ಲಿ ಇಂದಿಗೂ ಬದುಕಿರುವ ಇಬ್ಬರದರೊಂದಿಗೆ ಹೊಂದಿತು. ತಂದೆಯಿಂದ ಮಗನಿಗೆ ಬರುವ ವೈ ವರ್ಣತಂತುವನ್ನು ಪರೀಕ್ಷಿಸಲು ಗಾಂಟಿನ ಜಾನನ ಗಂಡು ಸಂತತಿಯವರು ಬೇಕಿತ್ತು. ಬೋಫರ್ಟ್ ಡ್ಯೂಕುಗಳ ಮನೆತನದ ಐವರು ಸಿಕ್ಕರು. ಒಬ್ಬರದೂ ರಿಚರ್ಡನದರೊಂದಿಗೆ ಹೊಂದಲಿಲ್ಲ. ಐವರಲ್ಲಿ ಒಬ್ಬರದು ಉಳಿದ ನಾಲ್ವರೊಂದಿಗೂ ಹೊಂದಲಿಲ್ಲ! ಇದು 2014ರ ಡಿಸೆಂಬರಿನಲ್ಲಿ ಪ್ರಕಟವಾಯಿತು.

ಚಾವಡಿ ಚಂದ್ರ

ಅಂದರೆ ಈಗಿನ ರಾಜರೆಲ್ಲ ನಕಲಿಗಳು ಎಂದಾಯಿತು. ಚರ್ಚೆ ಮುಗಿಯಿತು, ಮನೆಗೆ ಹೋಗೋಣ.

ಲೆಸ್ಟರಿನಿಂದ

ಹಾಗೇನೂ ಆಗುವುದಿಲ್ಲ. ಎರಡು ಸಾಲುಗಳ ನಡುವೆ ಎಲ್ಲೋ ಒಂದು ಕಡೆ ದಾಖಲೆಯ ತಂದೆ ನಿಜವಾದ ತಂದೆಯಲ್ಲ, ಇಷ್ಟು ಖಚಿತ. ಎಲ್ಲಿ ಎಂಬುದನ್ನು ಪರೀಕ್ಷೆ ಹೇಳುವುದಿಲ್ಲ. ಬೋಫರ್ಟ್ ಕಡೆಯ ಸಾಲು ಬಹಳ ಉದ್ದ, ಅಲ್ಲಿಯೇ ಆಗಿರುವ ಸಾಧ್ಯತೆ ಹೆಚ್ಚು. ಅದು ಹದಿನೇಳನೆಯ ಶತಮಾನದಲ್ಲಿ ಆಗಿದ್ದರೆ ಯಾವ ರಾಜನಿಗೂ ಸಂಬಂಧವಿಲ್ಲ.

ಕೆಂಪುಗುಲಾಬಿ

ಅಥವಾ ಯಾರ್ಕ್ ಕಡೆಯಲ್ಲೇ ಆಗಿರಬಹುದು. ಸೌತಾಂಪ್ಟನ್ ಸಂಚಿನಲ್ಲಿ ತಲೆ ಕಳೆದುಕೊಂಡ ಕೇಂಬ್ರಿಜ್ ರಿಚರ್ಡನಿಗೆ ಲ್ಯಾಂಗ್ಲಿಯ ಎಡ್ಮಂಡ್ ತಂದೆಯೇ ಅಲ್ಲ, ತಾಯಿಗೆ ಜಾನ್ ಹಾಲೆಂಡನ ಸಂಬಂಧವಿತ್ತು ಎಂಬ ಅನುಮಾನ ಬಹಳ ಹಳೆಯದು. ಎಡ್ಮಂಡನ ಉಯಿಲಿನಲ್ಲಿ ಈ ಮಗನ ಹೆಸರೇ ಇಲ್ಲ. ಬಿಳಿಗುಲಾಬಿಯವರೇ, ನಿಮ್ಮ ಯಾರ್ಕ್ ಮನೆತನವೇ ಯಾರ್ಕಿನದಲ್ಲವಾದರೆ?

ಬಿಳಿಗುಲಾಬಿ

ಅಲ್ಲವಾಗಲಿ! ನಮಗೇನು ನಷ್ಟ? ಯಾರ್ಕ್ ಡ್ಯೂಕ್ 1460ರಲ್ಲಿ ಕೇಳಿದ್ದು ತಾಯಿಯ ಕಡೆಯ ಹಕ್ಕನ್ನು. ಆನ್ ಮಾರ್ಟಿಮರಳ ಮಗ ಎಂಬುದೊಂದು ನಿಂತರೆ ಸಾಕು, ಅಪ್ಪ ಯಾರ ಮಗನಾದರೂ ಆಗಲಿ. ನೀವು ತೋಡಿದ ಹಳ್ಳದಲ್ಲಿ ನಿಮ್ಮ ಬೋಫರ್ಟ್‌ಗಳೇ ಬೀಳುತ್ತಾರೆ, ಏಕೆಂದರೆ 1485ರಲ್ಲಿ ಮೂರನೆಯ ರಿಚರ್ಡನನ್ನು ಸೋಲಿಸಿ ಪಟ್ಟವೇರಿದ ಏಳನೆಯ ಹೆನ್ರಿಗೆ ಇಂಗ್ಲೆಂಡಿನ ರಾಜರಕ್ತ ಬಂದದ್ದು ಆ ಕಡೆಯಿಂದಲೇ.

ಕಡಲ ಮಗಳು

ಇದು ಚೆನ್ನಾಗಿದೆ. ಹೆಣ್ಣಿನ ಕೊಂಡಿಯೇ ಗಟ್ಟಿಯಾಯಿತು.

ಅಲೆಮಾರಿ

ಎಡ್ವರ್ಡನ ವಿಷಯ ಬಿಟ್ಟಿರಲ್ಲ. ನಾಲ್ಕನೆಯ ಎಡ್ವರ್ಡ್ 1442ರ ಏಪ್ರಿಲ್ 28ರಂದು ರೂಆನ್ ನಗರದಲ್ಲಿ ಹುಟ್ಟಿದ. ಒಂಬತ್ತು ತಿಂಗಳು ಹಿಂದಕ್ಕೆ ಎಣಿಸಿದರೆ ತಂದೆ ಪೊಂಟ್ವಾಸ್ ಕಡೆ ಯುದ್ಧದಲ್ಲಿದ್ದ. ಬ್ಲೇಬೋರ್ನ್ ಎಂಬ ಬಿಲ್ಲುಗಾರನ ಮಗ ಎಂಬ ಗುಸುಗುಸು ಅವನ ಕಾಲದಲ್ಲಿಯೇ ಇತ್ತು.

ವಕೀಲ, ಧಾರವಾಡ

ದಿನ ಎಣಿಸಿ ರಾಜರನ್ನು ಇಳಿಸುವುದಾದರೆ ಯಾವ ಸಿಂಹಾಸನವೂ ಉಳಿಯುವುದಿಲ್ಲ. ಮದುವೆ ಊರ್ಜಿತದಲ್ಲಿರುವಾಗ ಹುಟ್ಟಿದ ಮಗು ಗಂಡನದೇ ಎಂದು ಕಾನೂನು ಭಾವಿಸುತ್ತದೆ. ಯಾರ್ಕ್ ಡ್ಯೂಕ್ ಎಡ್ವರ್ಡನನ್ನು ಹಿರಿಯ ಮಗನೆಂದೇ ಬೆಳೆಸಿದ, ಎಂದೂ ನಿರಾಕರಿಸಲಿಲ್ಲ. ಇಂಗ್ಲಿಷರ ಈ ತತ್ತ್ವವೇ 1872ರ ನಮ್ಮ ಸಾಕ್ಷ್ಯ ಅಧಿನಿಯಮದ 112ನೆಯ ಕಲಮಾಗಿ ಇಲ್ಲಿಗೆ ಬಂತು. ಹೊಸ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿ ಅದು 116. ಜೀವನಾಂಶದ ಮೊಕದ್ದಮೆಗಳಲ್ಲಿ ಇದನ್ನು ಓದಿ ಹೇಳುವುದು ನಮಗೆ ನಿತ್ಯದ ಕೆಲಸ.

ಅಲೆಮಾರಿ

ಸರಿ, ಆದರೆ ಕಥೆಯ ಬಾಲ ಕೇಳಿ. ಎಡ್ವರ್ಡ್ ಅಕ್ರಮ ಸಂತಾನ ಎಂದು ಒಪ್ಪಿದರೆ ಹಕ್ಕು ಅವನ ತಮ್ಮ ಕ್ಲಾರೆನ್ಸ್ ಡ್ಯೂಕ್ ಜಾರ್ಜನ ಸಂತತಿಗೆ ಹೋಗುತ್ತದೆ. ಜಾರ್ಜನ ಮಗಳು ಮಾರ್ಗರೆಟ್ ಪೋಲ್. ಅವಳ ಮೊಮ್ಮಗಳು ಕ್ಯಾಥರೀನ್ ಹಂಟಿಂಗ್‌ಡನ್ ಅರ್ಲ್‌ಗಳ ಹೇಸ್ಟಿಂಗ್ಸ್ ಮನೆತನಕ್ಕೆ ಸೇರಿದಳು. ಆ ಸಾಲು ಹಿಡಿದು ಬಂದರೆ ಸಿಗುವವನು 2012ರಲ್ಲಿ ತೀರಿಕೊಂಡ ಲೌಡನ್ ಅರ್ಲ್. ಅವನು ಇದ್ದದ್ದು ಆಸ್ಟ್ರೇಲಿಯಾದ ಜೆರಿಲ್ಡರಿ ಎಂಬ ಚಿಕ್ಕ ಊರಿನಲ್ಲಿ. ಲೆಸ್ಟರಿನಲ್ಲಿ ರಿಚರ್ಡನ ಎಲುಬು ಸಿಕ್ಕಿದ್ದೂ ಅದೇ ವರ್ಷ.

ಈ ಸಾಲಿನ ನಡುವೆ ನಮಗೆ ಪರಿಚಯದವನೊಬ್ಬ ಇದ್ದಾನೆ. 1813ರಿಂದ 1823ರವರೆಗೆ ಭಾರತದ ಗವರ್ನರ್ ಜನರಲ್ ಆಗಿದ್ದ ಮಾರ್ಕ್ವಿಸ್ ಹೇಸ್ಟಿಂಗ್ಸ್. ವಾರನ್ ಹೇಸ್ಟಿಂಗ್ಸ್ ಅಲ್ಲ, ಅವನು ಬೇರೆ. ಪೇಶ್ವೆಯ ಆಳ್ವಿಕೆಯನ್ನು ಕೊನೆಗಾಣಿಸಿದ 1817–18ರ ಮರಾಠಾ ಯುದ್ಧ ಇವನ ಕಾಲದ್ದು. ಮನ್ರೋ ಬಾದಾಮಿ ಮತ್ತು ಬೆಳಗಾವಿ ಕೋಟೆಗಳನ್ನು ಹಿಡಿದದ್ದು, ಧಾರವಾಡದ ಸೀಮೆ ಕಂಪನಿಯ ಕೈಗೆ ಹೋದದ್ದು ಆಗಲೇ. ವಕೀಲರೇ, ನಿಮ್ಮ ಊರು ಕ್ಲಾರೆನ್ಸ್ ವಂಶದ 'ರಾಜ'ನಿಗೆ ಸೇರಿದ್ದು ಹೀಗೆ.

ವಕೀಲ, ಧಾರವಾಡ

ಕಂದಾಯ ಕಟ್ಟಿಸಿಕೊಂಡದ್ದು ಕಂಪನಿ ಸರಕಾರ, ಕ್ಲಾರೆನ್ಸ್ ವಂಶವಲ್ಲ.

ನಿವೃತ್ತ ಮೇಷ್ಟರು

ಆ ಮಾರ್ಕ್ವಿಸ್ ಸತ್ತದ್ದು 1826ರಲ್ಲಿ, ನೇಪಲ್ಸ್ ಬಳಿ ಹಡಗಿನಲ್ಲಿ. ತನ್ನ ಬಲಗೈಯನ್ನು ಕತ್ತರಿಸಿ ತೆಗೆದಿಟ್ಟು, ಹೆಂಡತಿ ಸತ್ತಾಗ ಅವಳೊಂದಿಗೆ ಹೂಳಬೇಕೆಂದು ಹೇಳಿದ್ದ. ಹಾಗೆಯೇ ಮಾಡಿದರು. ದೇಹ ಮಾಲ್ಟಾದಲ್ಲಿದೆ, ಕೈ ಸ್ಕಾಟ್ಲೆಂಡಿನಲ್ಲಿ.

ಕಡಲ ಮಗಳು

ಊಟದ ಹೊತ್ತಿಗೆ ಇದೆಂಥ ಮಾತು ಮೇಷ್ಟರೇ.

ಕೋಟೆಬಾಗಿಲು

ದಾರಿ ತಪ್ಪುತ್ತಿದೆ. ಬೋಫರ್ಟ್‌ಗಳ ವಿಷಯಕ್ಕೆ ಬನ್ನಿ. ಬಿಳಿಗುಲಾಬಿಯವರು ಅವರನ್ನು ಹಳ್ಳಕ್ಕೆ ಕೆಡವಿದ್ದಾರೆ, ಎತ್ತುವವರು ಯಾರೂ ಇಲ್ಲವೇ?

ಕೆಂಪುಗುಲಾಬಿ

ನಾನಿದ್ದೇನೆ. ಗಾಂಟಿನ ಜಾನ್ ಮತ್ತು ಕ್ಯಾಥರೀನ್ ಸ್ವಿನ್‌ಫೋರ್ಡ್ ಮದುವೆಯಾಗದೆಯೇ ಕೂಡಿದ್ದಾಗ ಹುಟ್ಟಿದ ಮಕ್ಕಳು ಬೋಫರ್ಟ್‌ಗಳು. 1396ರಲ್ಲಿ ಇಬ್ಬರೂ ಮದುವೆಯಾದರು. ಪೋಪ್ ಒಪ್ಪಿದ, 1397ರಲ್ಲಿ ಎರಡನೆಯ ರಿಚರ್ಡ್ ಸಂಸತ್ತಿನ ಮುಂದೆ ಅವರನ್ನು ಸಕ್ರಮ ಸಂತಾನವೆಂದು ಘೋಷಿಸಿದ. ಯಾವ ಪದವಿಗೂ ಅರ್ಹರು ಎಂದ. 1407ರಲ್ಲಿ ನಾಲ್ಕನೆಯ ಹೆನ್ರಿ, ತನ್ನ ಈ ಮಲಸೋದರರ ಸಕ್ರಮ ಪತ್ರವನ್ನು ದೃಢಪಡಿಸುವಾಗ, 'ರಾಜಪದವಿಯೊಂದನ್ನು ಬಿಟ್ಟು' ಎಂಬ ಮಾತನ್ನು ನಡುವೆ ತುರುಕಿಸಿದ. ಸಂಸತ್ತಿನಲ್ಲಿ ಆದದ್ದನ್ನು ರಾಜ ಒಬ್ಬನೇ ತಿದ್ದಲು ಬರುವುದಿಲ್ಲ. ಆದ್ದರಿಂದ ಆ ತುರುಕುಮಾತಿಗೆ ಬೆಲೆಯಿಲ್ಲ, ಮಾರ್ಗರೆಟ್ ಬೋಫರ್ಟಳ ಹಕ್ಕು ಭದ್ರ. ಜಾನ್ ಅವಳ ಮುತ್ತಜ್ಜ. ಅವಳ ಮಗ ಏಳನೆಯ ಹೆನ್ರಿ.

ಬಿಳಿಗುಲಾಬಿ

ಹಕ್ಕು ಅಷ್ಟು ಭದ್ರವಾಗಿದ್ದರೆ 1485ರಲ್ಲಿ ಪಟ್ಟವೇರಬೇಕಾದವಳು ಮಾರ್ಗರೆಟ್. ಅವಳು ಬದುಕಿದ್ದಳು, ಮಗನಿಗಿಂತಲೂ ಎರಡು ತಿಂಗಳು ಹೆಚ್ಚೇ ಬದುಕಿದಳು. ತಾಯಿಯನ್ನು ದಾಟಿ ಮಗನಿಗೆ ಹಕ್ಕು ಬಂದದ್ದು ಹೇಗೆ?

ವಕೀಲ, ಧಾರವಾಡ

ಏಳನೆಯ ಹೆನ್ರಿ ಆ ಪ್ರಶ್ನೆಗೆ ಸಿಕ್ಕಿಹಾಕಿಕೊಳ್ಳಲೇ ಇಲ್ಲ. 1485ರ ಶಾಸನ ಬಹಳ ಚಿಕ್ಕದು: ಕಿರೀಟ ಹೆನ್ರಿಯಲ್ಲಿಯೂ ಅವನ ಸಂತತಿಯಲ್ಲಿಯೂ ನೆಲೆಸಿರಲಿ. ಏಕೆ, ಯಾರ ಮೂಲಕ ಎಂಬ ಮಾತೇ ಇಲ್ಲ. ಇಡೀ ಶತಮಾನದ ವಂಶಾವಳಿಗಳನ್ನು ನೋಡಿದ ಮೇಲೆ ಅವನು ವಂಶಾವಳಿಯನ್ನೇ ಬಿಟ್ಟುಬಿಟ್ಟ. ನಾನು ಕರಡು ಬರೆದಿದ್ದರೂ ಹಾಗೆಯೇ ಬರೆಯುತ್ತಿದ್ದೆ. ನಾಲ್ಕನೆಯ ಎಡ್ವರ್ಡನ ಮಗಳು ಎಲಿಜಬೆತಳನ್ನು ಮದುವೆಯಾದದ್ದು ಅದರ ನಂತರ, 1486ರ ಜನವರಿಯಲ್ಲಿ. ಪಟ್ಟ ಹೆಂಡತಿಯಿಂದ ಬಂತು ಎಂದು ಯಾರೂ ಹೇಳಬಾರದು ನೋಡಿ.

ಇನ್ನೊಂದು ತೊಡಕಿತ್ತು. ಮೂರನೆಯ ರಿಚರ್ಡನ ಸಂಸತ್ತು ಹೆನ್ರಿಯನ್ನು ರಾಜದ್ರೋಹಿ ಎಂದು ಸಾರಿ ಅವನ ಹಕ್ಕುಗಳನ್ನೆಲ್ಲ ಕಿತ್ತುಕೊಂಡಿತ್ತು. ಕಿರೀಟ ಧರಿಸಿದ ಕ್ಷಣದಲ್ಲಿ ಆ ಕಳಂಕ ತಾನಾಗಿಯೇ ಕಳಚಿತು ಎಂದು ನ್ಯಾಯಾಧೀಶರು ಅಭಿಪ್ರಾಯ ಕೊಟ್ಟರು. 1460ರಲ್ಲಿ ತಮ್ಮ ವಿದ್ಯೆಗೆ ಮೀರಿದ್ದೆಂದು ಜಾರಿಕೊಂಡಿದ್ದ ಪೀಠಕ್ಕೆ 1485ರಲ್ಲಿ ವಿದ್ಯೆ ಬಂದಿತ್ತು.

ಅಲೆಮಾರಿ

ಹಾಗಾದರೆ ಜಾರ್ಜನ ಮಗ ವಾರಿಕ್‌ನ ಗತಿ? ತಂದೆಯ ರಾಜದ್ರೋಹದಿಂದಾಗಿ ಅವನಿಗೆ ಹಕ್ಕಿಲ್ಲ ಎಂದು 1484ರಲ್ಲಿ ರಿಚರ್ಡನ ಶಾಸನ ಹೇಳಿತ್ತು. ಅವನು ಒಮ್ಮೆ ಕಿರೀಟ ಧರಿಸಿದ್ದರೆ ಅವನ ಕಳಂಕವೂ ಕಳಚುತ್ತಿತ್ತಲ್ಲವೇ?

ವಕೀಲ, ಧಾರವಾಡ

ತರ್ಕ ಪ್ರಕಾರ ಹೌದು. ಅದಕ್ಕೇ ಅವನಿಗೆ ಕಿರೀಟದ ಹತ್ತಿರ ಹೋಗಲು ಬಿಡಲಿಲ್ಲ. ಹತ್ತು ವರ್ಷದ ಹುಡುಗನನ್ನು ಲಂಡನ್ ಗೋಪುರದಲ್ಲಿಟ್ಟು, 1499ರ ನವೆಂಬರಿನಲ್ಲಿ, ಇಪ್ಪತ್ತನಾಲ್ಕನೆಯ ವಯಸ್ಸಿಗೆ, ತಲೆ ತೆಗೆದರು. ನಡುವೆ 1487ರಲ್ಲಿ ಲ್ಯಾಂಬರ್ಟ್ ಸಿಮ್ನೆಲ್ ಎಂಬ ಹುಡುಗನನ್ನು ಇವನೇ ವಾರಿಕ್ ಎಂದು ಡಬ್ಲಿನ್ನಿನಲ್ಲಿ ಪಟ್ಟಕಟ್ಟಿದ್ದೂ ಆಯಿತು. ನಿಜವಾದವನನ್ನು ಗೋಪುರದಿಂದ ಹೊರತಂದು ಲಂಡನ್ ಬೀದಿಯಲ್ಲಿ ಮೆರೆಸಬೇಕಾಯಿತು. ಸಿಮ್ನೆಲ್ ಅದೃಷ್ಟವಂತ, ರಾಜನ ಅಡುಗೆಮನೆಯಲ್ಲಿ ಮಾಂಸದ ಸಲಾಕೆ ತಿರುಗಿಸುವ ಕೆಲಸ ಸಿಕ್ಕಿತು.

ಚಾವಡಿ ಚಂದ್ರ

ನಕಲಿಗೆ ಅಡುಗೆಮನೆ, ಅಸಲಿಗೆ ಕೊಡಲಿ. ನಾನು ನಕಲಿಯಾಗಿಯೇ ಇರುತ್ತೇನೆ.

ಕೆಂಪುಗುಲಾಬಿ

ಎಲ್ಲರೂ ಲ್ಯಾಂಕಾಸ್ಟರ್ ಮೇಲೆ ಬಿದ್ದಿದ್ದೀರಿ. ನನ್ನ ನಿಲುವು ಸರಳ. ಮೂರನೆಯ ಎಡ್ವರ್ಡ್ ಬರೆಸಿದ ಗಂಡು ಸಂತತಿಯ ನಿಯಮವೇ ನಿಯಮ. 1399 ನ್ಯಾಯ, 1460 ಅನ್ಯಾಯ.

ಬಿಳಿಗುಲಾಬಿ

ಒಪ್ಪಿದೆ ಎಂದೇ ಇಟ್ಟುಕೊಳ್ಳೋಣ. 1471ಕ್ಕೆ ಬನ್ನಿ. ಮೇ ತಿಂಗಳಲ್ಲಿ ಟ್ಯೂಕ್ಸ್‌ಬರಿಯಲ್ಲಿ ಆರನೆಯ ಹೆನ್ರಿಯ ಮಗ ಸತ್ತ, ಅದೇ ತಿಂಗಳು ಗೋಪುರದಲ್ಲಿ ಹೆನ್ರಿಯೂ ಸತ್ತ. ಗಾಂಟಿನ ಜಾನನ ಗಂಡು ಸಂತತಿ ಅಲ್ಲಿಗೆ ಮುಗಿಯಿತು. ಸಕ್ರಮಗೊಂಡ ಬೋಫರ್ಟ್ ಗಂಡಸರೂ ಆ ವರ್ಷಕ್ಕೆ ಮುಗಿದರು. ನಿಮ್ಮ ನಿಯಮದ ಪ್ರಕಾರ ಮುಂದಿನ ಸರದಿ ನಾಲ್ಕನೆಯ ಮಗನ ಗಂಡು ಸಂತತಿಯದು. ಲ್ಯಾಂಗ್ಲಿಯ ಎಡ್ಮಂಡನ ಮಗ, ಮೊಮ್ಮಗ, ಮರಿಮಗ. ಆ ಮರಿಮಗ ಯಾರು? ನಾಲ್ಕನೆಯ ಎಡ್ವರ್ಡ್. 1471ರ ನಂತರ ನಿಮ್ಮ ಲೆಕ್ಕವೂ ನಮ್ಮ ಲೆಕ್ಕವೂ ಒಂದೇ ಬಾಗಿಲಿಗೆ ಬಂದು ನಿಲ್ಲುತ್ತದೆ, ಆ ಬಾಗಿಲು ಯಾರ್ಕಿನದು.

ನಿವೃತ್ತ ಮೇಷ್ಟರು

ಇದಕ್ಕೆ ಉತ್ತರ ಕಷ್ಟ. ಹೆಣ್ಣು ಸಂತತಿಯನ್ನು ಒಪ್ಪಿದರೂ ಲ್ಯಾಂಕಾಸ್ಟರಿನ ಹಕ್ಕು ಬೋಫರ್ಟ್‌ಗಳಿಗಿಂತ ಮೊದಲು ಜಾನನ ಹಿರಿಯ ಮಗಳು ಫಿಲಿಪ್ಪಾಳ ಸಂತತಿಗೆ, ಅಂದರೆ ಪೋರ್ಚುಗಲ್ಲಿನ ರಾಜರಿಗೆ ಹೋಗುತ್ತದೆ. ಮುಂದೆ ಸ್ಪೇನಿನ ಎರಡನೆಯ ಫಿಲಿಪ್ ಇಂಗ್ಲೆಂಡಿನ ಮೇಲೆ ಹಡಗುಪಡೆ ಕಳುಹಿಸುವ ಕಾಲಕ್ಕೆ ತನ್ನ ಈ ಲ್ಯಾಂಕಾಸ್ಟರ್ ರಕ್ತವನ್ನು ನೆನಪಿಸಿಕೊಂಡಿದ್ದ.

ಕೋಟೆಬಾಗಿಲು

ಕೆಂಪುಗುಲಾಬಿಯವರೇ, ಗಂಡು ಸಂತತಿ ಎಂದರೆ ಏಳನೆಯ ಹೆನ್ರಿ ಹೋಗುತ್ತಾನೆ, ಹೆಣ್ಣು ಸಂತತಿಯೂ ಸೇರಲಿ ಎಂದರೆ ನಾಲ್ಕನೆಯ ಹೆನ್ರಿ ಹೋಗುತ್ತಾನೆ. ಯಾರನ್ನು ಬಿಟ್ಟುಕೊಡುತ್ತೀರಿ?

ಕೆಂಪುಗುಲಾಬಿ

ಯಾರನ್ನೂ ಬಿಡುವುದಿಲ್ಲ. ನಾಳೆ ರಜೆಯಿದೆ, 1407ರ ಪತ್ರದ ಬಗ್ಗೆ ಇನ್ನಷ್ಟು ಓದಿಕೊಂಡು ಬರುತ್ತೇನೆ.

ಬಿಳಿಗುಲಾಬಿ

ಬನ್ನಿ. ಬರುವಾಗ ಮಾರ್ಗರೆಟ್ ಬೋಫರ್ಟ್ ಏಕೆ ರಾಣಿಯಾಗಲಿಲ್ಲ ಎಂಬುದಕ್ಕೂ ಉತ್ತರ ತನ್ನಿ, ಅದು ಇನ್ನೂ ಬಾಕಿ ಇದೆ.